ಕಂಚಿನ ದೇವರು, ತೊಗಲಿನ ಮೆಟ್ಟು

ನಂದಿ ಬೆಟ್ಟದ ಬುಡದಲ್ಲಿ ಒಬ್ಬ ಈಶ್ವರ, ತುದಿಯಲ್ಲಿ ಇನ್ನೊಬ್ಬ. ಬುಡದ ನಂದಿ ಗ್ರಾಮದಲ್ಲಿರುವವನು ಭೋಗನಂದೀಶ್ವರ, ಬೆಟ್ಟದ ಮೇಲಿರುವವನು ಯೋಗನಂದೀಶ್ವರ. ಕೆಳಗಿನವನಿಗೆ ಹಬ್ಬ, ಕಲ್ಯಾಣ, ಮೆರವಣಿಗೆ, ರಥ ಎಲ್ಲವೂ ಉಂಟು. ಶಿವರಾತ್ರಿ ಬಂತೆಂದರೆ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಸೀಮೆಯ ಹಳ್ಳಿಗಳ ಜನ ನಂದಿ ಜಾತ್ರೆಗೆ ಹರಿದು ಬರುತ್ತಾರೆ. ದನಗಳ ಜಾತ್ರೆಗೂ ಈ ಊರು ಹೆಸರುವಾಸಿ. ಮೇಲಿನವನು ಎಲ್ಲವನ್ನೂ ಬಿಟ್ಟು ಕೂತವನು, ಅವನಿಗೆ ಉತ್ಸವವಿಲ್ಲ. ಕೆಳಗಿನ ಆವರಣದಲ್ಲೇ ಇರುವ ಅರುಣಾಚಲೇಶ್ವರನನ್ನೂ ಸೇರಿಸಿ, ಶಿವನ ಬಾಲ್ಯ, ಯೌವನ, ವಿರಕ್ತಿ ಎಂದು ಈ ಮೂರು ಗುಡಿಗಳನ್ನು ಸುತ್ತಮುತ್ತಲ ಜನ ಕಂಡುಕೊಂಡಿದ್ದಾರೆ.

ಗರ್ಭಗುಡಿಯ ಲಿಂಗ ಕಲ್ಲಿನದು. ಪ್ರತಿಷ್ಠೆಯಾದ ಮೇಲೆ ಅದು ಅಲುಗುವಂತಿಲ್ಲ. ಜಾತ್ರೆಯ ದಿನ ಬೀದಿಗೆ ಬರುವುದು ಲೋಹದ ಉತ್ಸವಮೂರ್ತಿ. ದರ್ಶನಕ್ಕೆ ಒಳಗೆ ಬರಲಾಗದವರ ಬಳಿಗೆ ದೇವರೇ ಹೊರಟು ಬರುವ ಏರ್ಪಾಡು ಇದು. ನಮ್ಮ ಶಿಲ್ಪದಲ್ಲಿ ಪಾದರಕ್ಷೆಗೂ ಇಂಥದೇ ಒಂದು ನಿಯಮವಿದೆ. ಕನ್ನಡ ನಾಡಿನ ಗುಡಿಗೋಡೆಗಳ ಮೇಲಿನ ದೇವದೇವತೆಗಳಲ್ಲಿ ಹೆಚ್ಚುಕಡಿಮೆ ಎಲ್ಲರೂ ಬರಿಗಾಲಿನವರು. ಮೈತುಂಬ ಒಡವೆ, ತಲೆಯ ಮೇಲೆ ಕಿರೀಟ, ಕಾಲಿಗೆ ಕಡಗ ಇದ್ದರೂ ಅಂಗಾಲಿನ ಕೆಳಗೆ ಏನೂ ಇರುವುದಿಲ್ಲ. ಮೆಟ್ಟು ಹಾಕಿಕೊಂಡ ದೇವರು ಅಪರೂಪಕ್ಕೆ ಕಣ್ಣಿಗೆ ಬಿದ್ದರೆ, ಅವನು ದಾರಿಯಲ್ಲಿದ್ದಾನೆ, ಎಲ್ಲಿಗೋ ಹೊರಟಿದ್ದಾನೆ ಎಂದೇ ತಿಳಿಯಬೇಕು.

ಹೀಗೆ ಕಂಚು ಮತ್ತು ಮೆಟ್ಟು ಎರಡೂ ದೇವರು ಹೊಸ್ತಿಲು ದಾಟಿದ ಚರಿತ್ರೆಗೆ ಸೇರಿದವು. ಕಂಚನ್ನು ಎರಕ ಹೊಯ್ದ ಶಿಲ್ಪಿಗೆ ಗುಡಿಯಲ್ಲಿ ಗೌರವ ಸಿಕ್ಕಿತು. ಮೆಟ್ಟು ಹೊಲಿದವನಿಗೆ ಆ ಗುಡಿಯ ಹೊಸ್ತಿಲು ತುಳಿಯುವುದಕ್ಕೂ ಆಗಲಿಲ್ಲ. ಈ ಎರಡು ಕಸುಬುಗಳ ಕಥೆಯನ್ನು ನಾವು ಬೇರೆಬೇರೆಯಾಗಿ ಓದುತ್ತ ಬಂದಿದ್ದೇವೆ. ಒಟ್ಟಿಗಿಟ್ಟು ಓದಿದಾಗಲೇ ನಮ್ಮ ನಾಡಿನ ಕಲೆಯ ಪೂರ್ತಿ ಲೆಕ್ಕ ಸಿಗುತ್ತದೆ.

ಕಲ್ಲಿನ ಕಾಲ

ಭೋಗನಂದೀಶ್ವರ ಗುಡಿ ಕರ್ನಾಟಕದ ಅತಿ ಹಳೆಯ ದೇಗುಲಗಳಲ್ಲೊಂದು. ನೊಳಂಬಾಧಿರಾಜ ಮತ್ತು ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಗೋವಿಂದನ ಕಾಲದ, ಸುಮಾರು ಕ್ರಿ.ಶ. 806ರ ಶಾಸನ ಇಲ್ಲಿನ ಶಿವಾಲಯದ ಮಾತೆತ್ತುತ್ತದೆ. ಸುಮಾರು 810ರ ಬಾಣ ಅರಸರ ತಾಮ್ರಪಟಗಳಲ್ಲೂ ಅದರ ಉಲ್ಲೇಖವಿದೆ. ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರಾದ ಮೇಲೊಬ್ಬರು ಬಂದು ಇಲ್ಲಿ ತಮ್ಮ ಕಾಲದ ಕೆಲಸ ಸೇರಿಸಿದರು. ಒಂದೇ ಆವರಣದಲ್ಲಿ ಹಲವು ಶತಮಾನಗಳ ಕೈಗಳು ಕಾಣುತ್ತವೆ.

ನೊಳಂಬರ ರಾಜಧಾನಿ ಹೆಂಜೇರು, ಅಂದರೆ ಇಂದಿನ ಹೇಮಾವತಿ, ಗೌರಿಬಿದನೂರಿನ ಆಚೆಗೆ ಮಡಕಶಿರಾ ಕಡೆಗಿದೆ. ಇಂದು ಅದು ಆಂಧ್ರಪ್ರದೇಶಕ್ಕೆ ಸೇರಿದರೂ ಕನ್ನಡದ ಮಾತು ಮತ್ತು ಶಾಸನ ಆ ನೆಲಕ್ಕೆ ಹೊಸತಲ್ಲ. ನೊಳಂಬವಾಡಿ 32000 ಎಂದು ಹೆಸರಾಗಿದ್ದ ಆ ನಾಡಿನ ಶಿಲ್ಪಿಗಳಿಗೆ ಗಟ್ಟಿ ಕಲ್ಲನ್ನು ಕನ್ನಡಿಯ ಹಾಗೆ ಉಜ್ಜಿ ನುಣುಪು ಮಾಡುವ ವಿದ್ಯೆ ಕರಗತವಾಗಿತ್ತು. ಅವರ ಕಂಬಗಳ ಚೆಲುವಿಗೆ ಮಾರುಹೋದ ಚೋಳರು ದಂಡಯಾತ್ರೆಯಲ್ಲಿ ಅವುಗಳನ್ನೇ ಹೊತ್ತೊಯ್ದು ಕಾವೇರಿ ದಡದ ತಿರುವೈಯಾರಿನ ಗುಡಿಯಲ್ಲಿ ನಿಲ್ಲಿಸಿದರು.

ನಂದಿಯ ಹಳೆಯ ಗೋಡೆಗಳಲ್ಲಿ ಬೆಳಕು ಬಿಡುವ ಜಾಲಂಧ್ರಗಳಿವೆ. ಕಲ್ಲನ್ನು ಕೊರೆದು ಬಿಡಿಸಿದ ಈ ಕಿಟಕಿಗಳಲ್ಲಿ ದಕ್ಷಿಣದ ಕಡೆ ಶಿವ ನರ್ತಿಸುತ್ತಾನೆ, ಉತ್ತರದ ಕಡೆ ದುರ್ಗೆ ಕೋಣನ ತಲೆಯ ಮೇಲೆ ನಿಂತಿದ್ದಾಳೆ. ಮುಂದಿನ ಕಾಲದ ಕಲ್ಯಾಣಮಂಟಪದ ಕರಿಕಲ್ಲಿನ ಕಂಬಗಳಲ್ಲಿ ಶಿವ ಪಾರ್ವತಿಯರು, ಬ್ರಹ್ಮ ಸರಸ್ವತಿಯರು, ವಿಷ್ಣು ಲಕ್ಷ್ಮಿಯರು, ಅಗ್ನಿ ಸ್ವಾಹಾದೇವಿಯರು ಜೋಡಿಜೋಡಿಯಾಗಿ ಮದುವೆಗೆ ಸೇರಿದ್ದಾರೆ. ಸುತ್ತ ಬಳ್ಳಿ, ಹಕ್ಕಿ. ಇದು ಮನೆಯೊಳಗಿನ ಲೋಕ. ಇಲ್ಲಿ ದೇವರಿಗೆ ಮೆಟ್ಟಿನ ಅಗತ್ಯವಿಲ್ಲ, ಹಾಗೆಯೇ ಹೊತ್ತು ಸಾಗಿಸಬಲ್ಲ ಹಗುರವಾದ ಮೈಯೂ ಬೇಕಿಲ್ಲ.

ಕಂಚು ಬಂದ ದಾರಿ

1004ರ ಸುಮಾರಿಗೆ ಚೋಳರ ಸೈನ್ಯ ಗಂಗರ ತಲಕಾಡನ್ನು ಗೆದ್ದಿತು. ತಲಕಾಡು ರಾಜರಾಜಪುರವಾಯಿತು. ಗಂಗವಾಡಿಯ ಪೂರ್ವಭಾಗ, ಅಂದರೆ ಇಂದಿನ ಕೋಲಾರ ಚಿಕ್ಕಬಳ್ಳಾಪುರ ಸೀಮೆ, ನೂರು ವರ್ಷಕ್ಕೂ ಹೆಚ್ಚು ಕಾಲ ಚೋಳರ ಕೈಯಲ್ಲಿತ್ತು. ಕೋಲಾರಮ್ಮನ ಗುಡಿಯ ತಮಿಳು ಶಾಸನಗಳು ಆ ಕಾಲದ ಸಾಕ್ಷಿ. ನಂದಿಯ ಗುಡಿಯಲ್ಲಿ ಕೂತ ಭಂಗಿಯಲ್ಲಿರುವ ಒಬ್ಬ ಅರಸನ ಶಿಲ್ಪವನ್ನು ರಾಜೇಂದ್ರ ಚೋಳನದೆಂದು ಗುರುತಿಸುತ್ತಾರೆ. 1116-17ರ ಹೊತ್ತಿಗೆ ಹೊಯ್ಸಳ ವಿಷ್ಣುವರ್ಧನ ತಲಕಾಡನ್ನು ಮರಳಿ ಗೆದ್ದ ಮೇಲೆ ಈ ಅಧ್ಯಾಯ ಮುಗಿಯಿತು.

ಚೋಳರು ತಂಜಾವೂರಿನಲ್ಲಿ ಕಟ್ಟಿದ್ದು ಬರೀ ಎತ್ತರದ ಗೋಪುರವನ್ನಲ್ಲ, ಉತ್ಸವಗಳ ಒಂದು ದೊಡ್ಡ ವ್ಯವಸ್ಥೆಯನ್ನು. 1010ರಲ್ಲಿ ಪೂರ್ಣಗೊಂಡ ರಾಜರಾಜನ ಗುಡಿಗೆ ಅರಸನೂ ರಾಣಿಯರೂ ಅಧಿಕಾರಿಗಳೂ ಕೊಟ್ಟ ಲೋಹಮೂರ್ತಿಗಳ ವಿವರ ಅಲ್ಲಿನ ಗೋಡೆಯ ಮೇಲೆಯೇ ಕೊರೆದಿದೆ. ಯಾವ ದೇವರು, ಎಷ್ಟು ಎತ್ತರ, ಎಷ್ಟು ತೋಳು, ಯಾವ ಒಡವೆ ಎಂಬುದೆಲ್ಲ ಲೆಕ್ಕಪತ್ರದ ಶಿಸ್ತಿನಲ್ಲಿ ದಾಖಲಾಗಿದೆ. ಒಬ್ಬನೇ ಶಿವ ನಟರಾಜನಾಗಿ, ಮದುಮಗನಾಗಿ, ಎತ್ತಿಗೆ ಒರಗಿ ನಿಂತವನಾಗಿ, ಭಿಕ್ಷುಕನಾಗಿ ಉತ್ಸವದ ಒಂದೊಂದು ದಿನ ಒಂದೊಂದು ರೂಪದಲ್ಲಿ ಬೀದಿಗಿಳಿದ.

ಹಾಗೆ ಬೀದಿಗಿಳಿಯಲು ಕಂಚೇ ಬೇಕಿತ್ತು. ಮರ ಹಗುರ, ಆದರೆ ದಿನದಿನದ ಅಭಿಷೇಕದ ನೀರು, ಹಾಲು, ಎಣ್ಣೆಗೆ ತಡೆಯುವುದಿಲ್ಲ. ಕಲ್ಲು ತಡೆಯುತ್ತದೆ, ಆದರೆ ಹೊರುವವರ ಭುಜ ಮುರಿಯುತ್ತದೆ, ಬಿದ್ದರೆ ತೋಳು ಮುಕ್ಕಾಗುತ್ತದೆ. ತಾಮ್ರಕ್ಕೆ ತವರ ಬೆರೆಸಿದ ಕಂಚು ಕರಗಿದಾಗ ಅಚ್ಚಿನ ಸಣ್ಣ ಸಂದಿಗೂ ನುಗ್ಗುತ್ತದೆ. ಆರಿದ ಮೇಲೆ ಉಗುರು, ರೆಪ್ಪೆ, ಸೊಂಟದ ನೂಲು ಎಲ್ಲವನ್ನೂ ಹಿಡಿದಿಡುತ್ತದೆ. ಹಳೆಯ ಉತ್ಸವಮೂರ್ತಿಗಳ ಪೀಠವನ್ನು ಗಮನಿಸಿದರೆ ಎರಡೂ ಬದಿಗೆ ಬಳೆಗಳೋ ತೂತುಗಳೋ ಇರುತ್ತವೆ. ಪಲ್ಲಕ್ಕಿಗೆ ಮೂರ್ತಿಯನ್ನು ಬಿಗಿಯಲು, ದಂಡಿಗೆ ತೂರಿಸಲು ಇದ್ದ ಏರ್ಪಾಡು ಅದು. ಶತಮಾನಗಳ ಅರಿಶಿನ, ಗಂಧ, ಕೈಯ ಉಜ್ಜಿಗೆಗೆ ಎಷ್ಟೋ ಮೂರ್ತಿಗಳ ಮೂಗು ತುಟಿ ಸವೆದಿವೆ. ಅಷ್ಟು ಕೈ ಮುಟ್ಟಿವೆ, ಅಷ್ಟು ದಾರಿ ನಡೆದಿವೆ.

ಬೀದಿಗೆ ಬರುವಾಗ ಆ ಮೂರ್ತಿಯ ಮೇಲೆ ರೇಷ್ಮೆ ಉಡಿಸಿ, ಹೂವು ಮುಚ್ಚಿ ಅಲಂಕರಿಸುತ್ತಾರೆ. ಕಂಚಿನಲ್ಲೇ ಎರಕವಾದ ಪಂಚೆಯ ನೆರಿಗೆ, ಕಟಿಸೂತ್ರ, ಹಾರ ಎಲ್ಲವೂ ಈ ಉಡುಪಿನ ಕೆಳಗೆ ಮರೆಯಾಗುತ್ತವೆ. ಟಿಪ್ಪುವಿನ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ಬೇರೂರಿದ ರೇಷ್ಮೆ ಇಂದು ಶಿಡ್ಲಘಟ್ಟದ ಬದುಕೇ ಆಗಿದೆ. ಅಲ್ಲಿನ ಗೂಡಿನ ಮಾರುಕಟ್ಟೆಯಿಂದ ಹೊರಟ ನೂಲು ಎಲ್ಲೆಲ್ಲೋ ಸೀರೆಯಾಗಿ, ಮಡಿಯಾಗಿ ನೇಯ್ದು ಬರುತ್ತದೆ. ದೇವರ ಮೈಗೆ ಹೀಗೆ ಎರಡು ಉಡುಗೆ: ಶಿಲ್ಪಿ ಕೊಟ್ಟದ್ದೊಂದು, ನೇಕಾರ ಕೊಟ್ಟದ್ದೊಂದು. ಎರಡರಲ್ಲೂ ಪಾದ ಮಾತ್ರ ಬರಿದು. ಅದಕ್ಕೆ ಹೊರತಾದವನು ಭಿಕ್ಷಾಟನ ಶಿವ.

ಮೆಟ್ಟು ಹಾಕಿದ ಶಿವ

ಬ್ರಹ್ಮನ ಐದನೆಯ ತಲೆಯನ್ನು ಭೈರವನಾಗಿ ಕತ್ತರಿಸಿದ ಶಿವನ ಕೈಗೆ ಆ ಕಪಾಲ ಅಂಟಿಕೊಂಡಿತು. ದೋಷ ಕಳೆಯಲು ಅದನ್ನೇ ಪಾತ್ರೆ ಮಾಡಿಕೊಂಡು ಊರೂರು ಭಿಕ್ಷೆ ಬೇಡುತ್ತ ಅವನು ಅಲೆದ. ಕಾಶಿಗೆ ಬಂದ ಮೇಲೆ ಅದು ಕೈಬಿಟ್ಟಿತು. ದಾರುವನದ ಋಷಿಪತ್ನಿಯರು ಈ ಬೆತ್ತಲೆ ಭಿಕ್ಷುಕನನ್ನು ಕಂಡು ಮೈಮರೆತ ಕಥೆಯೂ ಇದರ ಜೊತೆಗೆ ಸೇರಿದೆ. ಜಗದೊಡೆಯನೇ ಬೀದಿಯವನಾದ ಈ ರೂಪವನ್ನು ಪಲ್ಲವರು ಕಾಂಚಿಯಲ್ಲಿ ಕಲ್ಲಿನಲ್ಲಿ ಕಡೆದರು, ಚೋಳರು ಕಂಚಿನಲ್ಲಿ ಎರೆದರು, ಹೊಯ್ಸಳರು ಹಳೇಬೀಡಿನ ಗೋಡೆಗೆ ತಂದರು.

ತಂಜಾವೂರಿನ ವಸ್ತುಸಂಗ್ರಹಾಲಯದಲ್ಲಿ ತಿರುವೆಂಗಾಡಿನ 11ನೇ ಶತಮಾನದ ಭಿಕ್ಷಾಟನ ಕಂಚು ಇದೆ. ಇಂಥ ಮೂರ್ತಿಯನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು. ಮೊದಲು ಅಂಗಾಲಿನ ಕೆಳಗಿನ ದಪ್ಪ ಅಟ್ಟೆ. ಪಾದವೂ ಮೆಟ್ಟೂ ಒಂದೇ ಎರಕದಲ್ಲಿ ಬಂದಿದ್ದರೂ ನಡುವಿನ ಗೆರೆ ಸ್ಪಷ್ಟವಾಗಿರುತ್ತದೆ. ಒಂದು ಹೆಜ್ಜೆ ಮುಂದೆ, ಮೈ ಕೊಂಚ ವಾಲಿ, ನಡಿಗೆಯ ನಡುವೆ ತಡೆದು ನಿಂತ ಹಾಗೆ. ಬಲ ಮೊಣಕಾಲಿನ ಕೆಳಗೆ ದಾರದಲ್ಲಿ ಕಟ್ಟಿದ ಗಂಟೆ. ಸೊಂಟಕ್ಕೆ ಸುತ್ತಿದ ಹಾವು, ಅದರ ಹೊರತು ಬಟ್ಟೆಯಿಲ್ಲ. ಬಲಗೈಯ ಬೆರಳಿನತ್ತ ನೆಗೆಯುವ ಜಿಂಕೆಮರಿ, ಎಡಗೈಯಲ್ಲಿ ಕಪಾಲ. ತಲೆಯ ಸುತ್ತ ಹರಡಿದ ಜಟೆ. ಉಡುಪನ್ನೆಲ್ಲ ತೆಗೆದುಹಾಕಿದ ಶಿಲ್ಪಿ, ತಿರುಕನಿಗೆ ಬೇಕಾದ ಎರಡನ್ನು ಮರೆತಿಲ್ಲ: ಮುಳ್ಳು ಚುಚ್ಚದಂತೆ ಮೆಟ್ಟು, ಬಂದದ್ದು ತಿಳಿಯುವಂತೆ ಗಂಟೆ.

ಆ ಗಂಟೆ ಇನ್ನೂ ನಮ್ಮ ನಾಡಿನಲ್ಲಿ ಸದ್ದು ಮಾಡುತ್ತಿದೆ. ಭಿಕ್ಷೆಗೆ ಹೊರಡುವ ಜಂಗಮರು ಮೊಣಕಾಲಿನ ಕೆಳಗೆ ಜಂಗು ಕಟ್ಟಿಕೊಳ್ಳುತ್ತಿದ್ದರು. ಹಳ್ಳಿಯ ಕೇರಿಯಲ್ಲಿ ಅದರ ಸದ್ದು ಕೇಳಿದರೆ ಮನೆಯವರು ಮೊರದಲ್ಲಿ ಧಾನ್ಯ ಹಿಡಿದು ಬಾಗಿಲಿಗೆ ಬರುತ್ತಿದ್ದರು. ಹಳೇಬೀಡಿನ ಗೋಡೆಯ ಮೇಲೆ ಎತ್ತರದ ಹಾವುಗೆ ಮೆಟ್ಟಿ ನಿಂತ ಬೆತ್ತಲೆ ಭೈರವನನ್ನೂ ಊರಿನ ಬೀದಿಯ ಜಂಗಮನನ್ನೂ ಸೇರಿಸುವ ಕೊಂಡಿ ಈ ಕಾಲುಗಂಟೆ.

ಗೌರಿಬಿದನೂರಿನಿಂದ ಹಿಂದೂಪುರ ದಾಟಿದರೆ ಲೇಪಾಕ್ಷಿ. ಅಚ್ಯುತರಾಯನ ಕಾಲದಲ್ಲಿ ವಿರೂಪಣ್ಣ ಕಟ್ಟಿಸಿದ ವೀರಭದ್ರ ದೇಗುಲದ ಗೋಡೆಗಳ ಮೇಲೆ ಕನ್ನಡ ಶಾಸನಗಳಿವೆ. ಅಲ್ಲಿನ ನಾಟ್ಯಮಂಟಪದ ಕಂಬವೊಂದರಲ್ಲಿ ಭಿಕ್ಷಾಟನ ನಿಂತಿದ್ದಾನೆ. ಭಿಕ್ಷೆ ನೀಡಲು ಬಂದ ಹೆಣ್ಣಿನ ಸೀರೆ ಜಾರುತ್ತಿದೆ. ಚಾವಣಿಯ ಚಿತ್ರಗಳಲ್ಲಿ 16ನೇ ಶತಮಾನದ ಸೀರೆಯ ಅಂಚು, ಎತ್ತರದ ಕುಲಾವಿ, ತುರುಬಿನ ಬಗೆ ಎಲ್ಲ ಕಾಣುತ್ತವೆ. ಚಿಂತಾಮಣಿ ತಾಲ್ಲೂಕಿನ ಕೈವಾರಕ್ಕೂ ಭಿಕ್ಷೆಯ ಕಥೆಯೇ ಹಿನ್ನೆಲೆ. ಅದೇ ಏಕಚಕ್ರಪುರ, ಅರಗಿನ ಮನೆಯಿಂದ ಪಾರಾದ ಪಾಂಡವರು ವೇಷ ಮರೆಸಿ ಭಿಕ್ಷೆ ಬೇಡಿ ಬದುಕಿದ ಊರು, ಭೀಮ ಬಕನನ್ನು ಕೊಂದ ಜಾಗ ಎಂದು ಈ ಸೀಮೆಯವರು ನಂಬಿದ್ದಾರೆ. ಮುಂದೆ ಅದೇ ಕೈವಾರದಲ್ಲಿ ಊರೂರು ತಿರುಗಿ ಬಳೆ ಮಾರುತ್ತಿದ್ದ ನಾರಾಯಣಪ್ಪ ಯೋಗಿಯಾಗಿ ಜನರ ತಾತಯ್ಯನಾದರು. ನಡೆದು ಬಂದವನಲ್ಲಿ ದೈವ ಕಾಣುವ ಮನಸ್ಸು ಈ ಬಯಲುಸೀಮೆಗೆ ಹಳೆಯದು.

ಹೊರಗಿನ ಲೋಕದಲ್ಲೂ ಪಾದರಕ್ಷೆ ಪಯಣದ ಗುರುತಾಗಿಯೇ ಬಂದಿದೆ. ಗ್ರೀಕರ ದೇವದೂತ ಹರ್ಮಿಸ್‌ಗೆ ರೆಕ್ಕೆಯ ಪಾದರಕ್ಷೆ. ಕ್ರಿ.ಪೂ. 5ನೇ ಶತಮಾನದ ದಾರ್ಶನಿಕ ಎಂಪಿಡಕ್ಲಿಸ್ ದೇವರಾಗಲು ಎಟ್ನಾ ಜ್ವಾಲಾಮುಖಿಗೆ ಹಾರಿದನೆಂದೂ, ಬೆಂಕಿಯ ಬಾಯಿ ಅವನ ಕಂಚಿನ ಪಾದರಕ್ಷೆಯೊಂದನ್ನು ಹೊರಗೆಸೆದು ಅವನು ಮನುಷ್ಯನೇ ಎಂದು ಸಾರಿತೆಂದೂ ಅವರಲ್ಲಿ ಕಥೆಯಿದೆ. ನಮ್ಮ ಉತ್ತರದ ಕಡೆ, ಮಥುರಾ ಬಳಿಯ ಮಾಟ್‌ನಲ್ಲಿ ಸಿಕ್ಕ ತಲೆಯಿಲ್ಲದ ಕನಿಷ್ಕನ ಪ್ರತಿಮೆಗೆ ಭಾರೀ ಬೂಟು. ಮಧ್ಯ ಏಷ್ಯಾದಿಂದ ಕುದುರೆ ಏರಿ ಬಂದವರ ಉಡುಪು ಅದು. ಸೂರ್ಯನನ್ನು ಉತ್ತರದವರ ಉಡುಪಿನಲ್ಲಿ, ಪಾದದಿಂದ ಎದೆಯವರೆಗೆ ಮುಚ್ಚಿ ತೋರಿಸಬೇಕೆಂದು ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಬರೆದ. ಉತ್ತರದ ಶಿಲ್ಪದಲ್ಲಿ ಸೂರ್ಯನಿಗೆ ಬೂಟು ಉಂಟು. ದಕ್ಷಿಣಕ್ಕೆ ಬಂದ ಸೂರ್ಯ ಬರಿಗಾಲಾದ. ನಮ್ಮ ಶಿಲ್ಪಿಗಳು ಮೆಟ್ಟನ್ನು ಅಧಿಕಾರದ ಗುರುತಾಗಿ ಒಪ್ಪಲಿಲ್ಲ, ತಿರುಕನಿಗೂ ಬೇಟೆಗಾರನಿಗೂ ಅದನ್ನು ಮೀಸಲಿಟ್ಟರು.

ಒಂದೇ ಪುಸ್ತಕದಲ್ಲಿ ಎರಡು ಕಸುಬು

ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ 1126ರಿಂದ 1138ರವರೆಗೆ ಆಳಿದ. ಅವನ ಹೆಸರಿನಲ್ಲಿ ಬಂದ ಸಂಸ್ಕೃತ ಗ್ರಂಥ ಮಾನಸೋಲ್ಲಾಸ ಅರಸನ ಬದುಕಿನ ವಿಶ್ವಕೋಶ. ಆನೆ, ಕುದುರೆ, ಅಡುಗೆ, ಸಂಗೀತ, ಮೀನುಬೇಟೆ ಎಲ್ಲವೂ ಅದರಲ್ಲಿವೆ. ಕಂಚೂ ಪಾದುಕೆಯೂ ಅದೇ ಗ್ರಂಥದಲ್ಲಿ ಜಾಗ ಪಡೆದಿವೆ.

ಲೋಹಪ್ರತಿಮೆಯ ಭಾಗ ಕಾರ್ಯಾಗಾರದಲ್ಲಿ ನಿಂತು ಬರೆದಷ್ಟು ಖಚಿತವಾಗಿದೆ. ಮೊದಲು ಮೇಣದಲ್ಲಿ ಮೂರ್ತಿ ಮಾಡಬೇಕು. ಲೋಹ ಹರಿಯಲು ಮೇಣದ ನಾಳಗಳನ್ನು ಜೋಡಿಸಬೇಕು. ಸುಟ್ಟ ಹೊಟ್ಟು, ಸಣ್ಣಗೆ ಕತ್ತರಿಸಿದ ಹತ್ತಿ, ಸ್ವಲ್ಪ ಉಪ್ಪು ಸೇರಿಸಿ ನುಣ್ಣಗೆ ಅರೆದ ಮಣ್ಣನ್ನು ಅದರ ಮೇಲೆ ಬಳಿಯಬೇಕು. ಮೊದಲ ಲೇಪ ತೆಳುವಾಗಿರಬೇಕು, ನೆರಳಿನಲ್ಲಿ ಒಣಗಬೇಕು. ಆಮೇಲೆ ಮತ್ತೊಂದು, ಆಮೇಲೆ ಮೂರನೆಯದು. ಮೇಣವನ್ನು ಮೊದಲೇ ತೂಗಿಟ್ಟುಕೊಳ್ಳಬೇಕು: ತಾಮ್ರ ಹಿತ್ತಾಳೆಗಳಾದರೆ ಅದರ 8ರಿಂದ 10 ಪಟ್ಟು, ಬೆಳ್ಳಿಯಾದರೆ 12 ಪಟ್ಟು, ಚಿನ್ನವಾದರೆ 16 ಪಟ್ಟು ಲೋಹ ಬೇಕು. ಅಚ್ಚನ್ನು ಕಾಯಿಸಿದರೆ ಮೇಣ ಕರಗಿ ಹೊರಗೆ ಹರಿಯುತ್ತದೆ, ಅದು ಬಿಟ್ಟ ಖಾಲಿಗೆ ಕರಗಿದ ಲೋಹ ಇಳಿಯುತ್ತದೆ. ಆರಿದ ಮೇಲೆ ಮಣ್ಣನ್ನು ಒಡೆಯಬೇಕು. ಒಂದು ಅಚ್ಚಿಗೆ ಒಂದೇ ಮೂರ್ತಿ. ನಾಗಮಂಗಲದ ಶಿಲ್ಪಿಗಳ ಮನೆಗಳಲ್ಲಿ ಇಂದಿಗೂ ಮೇಣದಿಂದಲೇ ಈ ಕೆಲಸ ಶುರುವಾಗುತ್ತದೆ.

ಅದೇ ಗ್ರಂಥ ಅರಸ ಅನುಭವಿಸಬೇಕಾದ 20 ಉಪಭೋಗಗಳನ್ನು ಎಣಿಸುವಾಗ ಮನೆ, ಸ್ನಾನ, ತಾಂಬೂಲ, ವಸ್ತ್ರ, ಆಭರಣಗಳ ಸಾಲಿನಲ್ಲಿ ಪಾದುಕೆಗೂ ಪ್ರತ್ಯೇಕ ಸ್ಥಾನ ಕೊಟ್ಟಿದೆ. 12ನೇ ಶತಮಾನದ ಕಲ್ಯಾಣದ ಅರಮನೆಯಲ್ಲಿ ಒಳ್ಳೆಯ ಮೆಟ್ಟು ಒಂದು ಸುಖ, ಒಂದು ಅಂತಸ್ತು. ಅದನ್ನು ಮಾಡುತ್ತಿದ್ದವರ ಕೇರಿ ಮಾತ್ರ ಊರಾಚೆಗಿತ್ತು. ಆ ಕೇರಿಯಿಂದ ಒಬ್ಬನ ಹೆಸರು ಚರಿತ್ರೆಗೆ ಬರಲು ಇನ್ನೂ ಕೆಲವು ದಶಕ ಕಾಯಬೇಕಾಯಿತು.

ಹರಳಯ್ಯನ ಕೆಲಸ

ಶರಣ ಪರಂಪರೆ ಆ ಕಥೆಯನ್ನು ಹೀಗೆ ಹೇಳುತ್ತದೆ. ಕಲ್ಯಾಣದ ಬೀದಿಯಲ್ಲಿ ಸಮಗಾರ ಹರಳಯ್ಯ ಬಸವಣ್ಣನವರಿಗೆ ಶರಣು ಎಂದ. ಅರಸ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣ ಅದಕ್ಕೆ ಎರಡು ಬಾರಿ ಶರಣೆಂದು ತಲೆಬಾಗಿದರು. ತಾನು ಕೊಟ್ಟದ್ದು ಒಂದು, ಪಡೆದದ್ದು ಎರಡು. ಈ ಋಣ ತೀರಿಸುವುದು ಹೇಗೆಂದು ಹರಳಯ್ಯ ಮನೆಗೆ ಬಂದು ಹೆಂಡತಿ ಕಲ್ಯಾಣಮ್ಮನ ಬಳಿ ಹೇಳಿಕೊಂಡ. ಇಬ್ಬರೂ ತಮ್ಮ ತೊಡೆಯ ಚರ್ಮ ತೆಗೆದು, ಹದ ಮಾಡಿ, ಒಂದು ಜೊತೆ ಚಮ್ಮಾವುಗೆ ಹೊಲಿದರು. ಬಸವಣ್ಣ ಅವುಗಳನ್ನು ತಲೆಯ ಮೇಲಿಟ್ಟುಕೊಂಡರು. ಇವನ್ನು ಮೆಟ್ಟುವ ಯೋಗ್ಯತೆ ತನಗಿಲ್ಲವೆಂದು ಹಿಂದಕ್ಕೆ ಕೊಟ್ಟರು.

ಕಥೆ ಅಲ್ಲಿಗೆ ನಿಲ್ಲಲಿಲ್ಲ. ಹರಳಯ್ಯನ ಮಗ ಶೀಲವಂತನಿಗೂ ಬ್ರಾಹ್ಮಣ ಮೂಲದ ಶರಣ ಮಧುವರಸನ ಮಗಳಿಗೂ ಮದುವೆಯಾಯಿತು. ವರ್ಣಸಂಕರದ ದೂರು ಅರಮನೆಗೆ ಹೋಯಿತು. ಹರಳಯ್ಯ ಮತ್ತು ಮಧುವರಸರಿಗೆ ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆಯ ಶಿಕ್ಷೆಯಾಯಿತು. 1167ರ ಸುಮಾರಿಗೆ ಕಲ್ಯಾಣ ಹೊತ್ತಿ ಉರಿಯಿತು, ಬಿಜ್ಜಳ ಅಳಿದ, ಶರಣರು ದಿಕ್ಕಾಪಾಲಾದರು.

ಲೋಹದ ದೇವರಿಗೆ ಅರಸರು ತೂಕ, ಎತ್ತರ, ಒಡವೆಯ ಲೆಕ್ಕ ಬರೆಸಿದ ಶತಮಾನಗಳು ಇವು. ಅದೇ ಹೊತ್ತಿನಲ್ಲಿ ಕಲ್ಯಾಣದ ಜನ ತಮ್ಮ ನೆನಪಿನಲ್ಲಿ ಇಟ್ಟುಕೊಂಡದ್ದು ಒಬ್ಬ ಚಮ್ಮಾರ ದಂಪತಿಯ ಕೈಕೆಲಸವನ್ನು. ತಲೆಗೂ ಕಾಲಿಗೂ ನಡುವೆ ಧರ್ಮಶಾಸ್ತ್ರ ಕಟ್ಟಿದ ಅಂತರವನ್ನು ಒಂದು ಜೊತೆ ಮೆಟ್ಟು ತಲೆಯ ಮೇಲೇರಿ ಅಳಿಸಿಹಾಕಿತು. ಭರತ ರಾಮನ ಪಾದುಕೆಯನ್ನು ತಲೆಯ ಮೇಲೆ ಹೊತ್ತು ಸಿಂಹಾಸನಕ್ಕೇರಿಸಿದ್ದು ಅದನ್ನು ಮೆಟ್ಟಿದ ಅಣ್ಣನ ಮೇಲಿನ ಭಕ್ತಿಯಿಂದ. ಬಸವಣ್ಣ ಹರಳಯ್ಯನ ಚಮ್ಮಾವುಗೆಯನ್ನು ತಲೆಗೇರಿಸಿದ್ದು ಅದನ್ನು ಹೊಲಿದ ಕೈಯ ಮೇಲಿನ ಭಕ್ತಿಯಿಂದ. ಭಾರತದ ಪಾದುಕೆಯ ಕಥೆಗಳಲ್ಲಿ ಕನ್ನಡ ನಾಡು ಸೇರಿಸಿದ ಹೊಸ ಮಾತು ಇದೇ.

ಹರಳಯ್ಯನ ಹೆಸರು ಮುಂದೆ ಕಸುಬಿನವರ ಕುಲದ ಹೆಸರಾಯಿತು. ಮಲೆ ಮಾದೇಶ್ವರನ ಕಾವ್ಯದಲ್ಲಿ ಶ್ರವಣ ದೊರೆಯನ್ನು ಮಣಿಸಲು ಮಾದಪ್ಪ ಪಾದರಕ್ಷೆಗಾಗಿ ಹೋಗುವುದು ಹರಳಯ್ಯನ ಬಳಿಗೇ. ಬಿಳಿಗಿರಿರಂಗನ ಬೆಟ್ಟದಲ್ಲಿ ರಂಗನಾಥನಿಗೆ ದೊಡ್ಡ ತೊಗಲಿನ ಮೆಟ್ಟು ಅರ್ಪಿಸುವ ಸಂಪ್ರದಾಯ ಇಂದಿಗೂ ಇದೆ. ಕೊಳ್ಳೇಗಾಲ ಕಡೆಯ ಬೂದಿತಿಟ್ಟಿನ ಕಸುಬಿನವರು ಅದನ್ನು ಮಾಡಿಕೊಡುತ್ತಾರೆ. ಸೋಲಿಗರ ಕುಸುಮಾಲೆಯನ್ನು ಮದುವೆಯಾದ ರಂಗಪ್ಪ ಅವರಿಗೆ ಭಾವ. ಅವನು ಕಾಡು ಸುತ್ತುತ್ತಾನೆ, ಮೆಟ್ಟು ಸವೆಯುತ್ತದೆ, ಹೊಸದು ಬೇಕಾಗುತ್ತದೆ. ಹರಕೆ ಹೊತ್ತ ಭಕ್ತರ ತಲೆಗೆ ಆ ಮೆಟ್ಟನ್ನು ಮುಟ್ಟಿಸಿ ಹರಸುತ್ತಾರೆ. ಬೇಡರ ಕಣ್ಣಪ್ಪನ ಕಥೆಯಲ್ಲಂತೂ ಬೇಟೆಗಾರನ ಮೆಟ್ಟು ಲಿಂಗವನ್ನೇ ಮುಟ್ಟುತ್ತದೆ: ತನ್ನ ಎರಡನೆಯ ಕಣ್ಣು ಕೀಳುವ ಮುನ್ನ ಗುರುತಿಗೆಂದು ಶಿವನ ಕಣ್ಣಿನ ಜಾಗಕ್ಕೆ ಅವನು ಕಾಲಿಟ್ಟ. ಹರಿಹರ ಆ ಕಥೆಯನ್ನು ರಗಳೆಯಾಗಿಸಿದ, 1954ರ ಚಿತ್ರದಲ್ಲಿ ರಾಜ್‌ಕುಮಾರ್ ಅದಕ್ಕೆ ಮುಖ ಕೊಟ್ಟರು.

ತಂಗಡಿ ಚೆಕ್ಕೆ, ಕಪಿಲೆ ಬಾವಿ

ಕಥೆಯಲ್ಲಿ ಇಷ್ಟು ಎತ್ತರಕ್ಕೇರಿದ ಕಸುಬು ಊರಿನಲ್ಲಿ ಹೇಗಿತ್ತು? ಚಿಕ್ಕಬಳ್ಳಾಪುರ ಸೀಮೆ ವರ್ಷವಿಡೀ ಹರಿಯುವ ಹೊಳೆಯಿಲ್ಲದ ನಾಡು. ಕೆರೆ ಬತ್ತಿದರೆ ಬಾವಿಯೇ ಗತಿ. ಪಂಪ್‌ಸೆಟ್ಟು ಬರುವವರೆಗೆ ಬಾವಿಯ ನೀರನ್ನು ಮೇಲಕ್ಕೆಳೆದದ್ದು ಎತ್ತುಗಳು ಮತ್ತು ಕಪಿಲೆಯ ತೊಗಲಿನ ಬಾನಿ. ಬಾನಿ ಹೊಲಿಯುವುದು, ಮಿಣಿ ಹೊಸೆಯುವುದು, ಒಕ್ಕಲಿನ ಮನೆಗಳಿಗೆ ವರ್ಷಕ್ಕೊಮ್ಮೆ ಮೆಟ್ಟು ಮಾಡಿಕೊಡುವುದು ಮಾದಿಗರ ಕೆಲಸ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಆಯದ ಲೆಕ್ಕದಲ್ಲಿ ಮೊರದಷ್ಟು ರಾಗಿ.

ತೊಗಲು ಹದ ಮಾಡುವುದು ಎರಕ ಹೊಯ್ಯುವುದಕ್ಕಿಂತ ಕಡಿಮೆ ವಿದ್ಯೆಯಲ್ಲ. ಹಸಿ ಚರ್ಮವನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ ಕೂದಲು ಬಿಡಿಸಬೇಕು. ಒಳಮೈಯ ಮಾಂಸ ಹೆರೆಯಬೇಕು. ಸುಣ್ಣ ಪೂರ್ತಿ ಹೋಗುವವರೆಗೆ ತೊಳೆಯಬೇಕು. ಆಮೇಲೆ ಈ ಒಣನೆಲದಲ್ಲಿ ತಾನೇ ತಾನಾಗಿ ಬೆಳೆದು ಹಳದಿ ಹೂ ಬಿಡುವ ತಂಗಡಿ ಗಿಡದ ಚೆಕ್ಕೆಯ ರಸದಲ್ಲಿ ದಿನಗಟ್ಟಲೆ ಅದ್ದಿಡಬೇಕು. ಸುಣ್ಣ ಹೆಚ್ಚಾದರೆ ತೊಗಲು ಸಡಿಲ, ಚೆಕ್ಕೆ ಸಾಲದಿದ್ದರೆ ಕೊಳೆತ. ಮೂಗು, ಬೆರಳು, ಕಣ್ಣು ಇಷ್ಟೇ ಅಳತೆಗೋಲು. ಹದವಾದ ತೊಗಲನ್ನು ರಂಪಿಗೆಯಿಂದ ಕೊಯ್ದು, ಉಳಿಯಿಂದ ಚುಚ್ಚಿ, ಅಟ್ಟೆಯ ಮೇಲೆ ಅಟ್ಟೆ ಕೂರಿಸಿ ಹೊಲಿದು ಉಂಗುಟ ಏರಿಸಿದರೆ ಒಂದು ಜೊತೆ ಮೆಟ್ಟು.

ಅದನ್ನು ಮಾಡಿದವನು ಮೇಲುಕೇರಿಯಲ್ಲಿ ಹಾದುಹೋಗುವಾಗ ತನ್ನ ಕಾಲಿನದನ್ನು ಕಳಚಿ ಕೈಯಲ್ಲಿ ಹಿಡಿಯಬೇಕಿತ್ತು. ಜಾತ್ರೆಯಲ್ಲಿ ಉತ್ಸವಮೂರ್ತಿಯ ಮುಂದೆ ಬಡಿಯುವ ತಮಟೆ ಅವನದು, ಮುನ್ನಡೆದು ಊರಿಗೆಲ್ಲ ದೇವರು ಬಂದನೆಂದು ಸಾರುವವನು ಅವನು. ಕಂಚಿನ ಜಾಗಟೆಯೂ ತೊಗಲಿನ ತಮಟೆಯೂ ಒಟ್ಟಿಗೆ ಮೊಳಗಿದರೇ ಮೆರವಣಿಗೆ. ದೇವರು ಮರಳಿ ಗುಡಿಗೆ ಹೋದಾಗ ಜಾಗಟೆ ಒಳಗೆ ಹೋಗುತ್ತಿತ್ತು, ತಮಟೆ ಹೊರಗೆ ಉಳಿಯುತ್ತಿತ್ತು.

ನಂದಿ ಬೆಟ್ಟದ ಮೇಲೆ ಮೆಟ್ಟು ಹೊಲಿಯಬಲ್ಲವರೊಬ್ಬರು

1927ರಲ್ಲಿ ಆರೋಗ್ಯ ಕೆಟ್ಟಿದ್ದ ಗಾಂಧೀಜಿ ನಂದಿ ಬೆಟ್ಟದಲ್ಲಿ ವಾರಗಟ್ಟಲೆ ವಿಶ್ರಾಂತಿ ಪಡೆದರು. 1936ರಲ್ಲಿ ಮತ್ತೆ ಬಂದರು. ಅವರಿಗೆ ಮೆಟ್ಟು ಹೊಲಿಯುವ ಕೆಲಸ ಬರುತ್ತಿತ್ತು. ದಕ್ಷಿಣ ಆಫ್ರಿಕಾದಲ್ಲಿ ಅವರ ಗೆಳೆಯ ಹರ್ಮನ್ ಕ್ಯಾಲನ್‌ಬಾಕ್ ಟ್ರಾಪಿಸ್ಟ್ ಸನ್ಯಾಸಿಗಳ ಮಠದಲ್ಲಿ ಈ ಕಸುಬು ಕಲಿತು ಬಂದು ಟಾಲ್‌ಸ್ಟಾಯ್ ಫಾರ್ಮ್‌ನಲ್ಲಿ ಗಾಂಧೀಜಿಗೂ ಇತರರಿಗೂ ಕಲಿಸಿದರು. ಜೈಲಿನಲ್ಲಿದ್ದಾಗ ಗಾಂಧೀಜಿ ಒಂದು ಜೊತೆ ಹೊಲಿದರು. 1914ರಲ್ಲಿ ಆ ದೇಶ ಬಿಡುವಾಗ ತಮ್ಮನ್ನು ಸೆರೆಗೆ ಹಾಕಿದ ಜನರಲ್ ಸ್ಮಟ್ಸ್‌ಗೆ ಅದನ್ನು ಕಾಣಿಕೆ ಕೊಟ್ಟರು. ಗಾಂಧೀಜಿಗೆ 70 ತುಂಬಿದ 1939ರಲ್ಲಿ ಸ್ಮಟ್ಸ್ ಬರೆದರು: ಎಷ್ಟೋ ಬೇಸಿಗೆ ಅವನ್ನು ಮೆಟ್ಟಿದೆ, ಆದರೆ ಇಷ್ಟು ದೊಡ್ಡ ಮನುಷ್ಯನ ಮೆಟ್ಟಿನಲ್ಲಿ ನಿಲ್ಲುವ ಯೋಗ್ಯತೆ ತನಗಿಲ್ಲವೆನಿಸುತ್ತದೆ ಎಂದು. ಸುಮಾರು 770 ವರ್ಷಗಳ ಅಂತರದಲ್ಲಿ, ಎರಡು ಖಂಡಗಳಲ್ಲಿ, ಅಧಿಕಾರದಲ್ಲಿದ್ದ ಇಬ್ಬರು ಒಂದು ಜೊತೆ ಪಾದರಕ್ಷೆಯ ಮುಂದೆ ಹೆಚ್ಚುಕಡಿಮೆ ಒಂದೇ ಮಾತಾಡಿದರು.

ಕಂಚು ಮತ್ತು ಮೆಟ್ಟಿನ ಈ ಜೋಡಿ ಚರಿತ್ರೆಯಲ್ಲಿ ಒಂದು ಅಸಮತೋಲನವಿದೆ: ಕಂಚು ಉಳಿದಿದೆ, ತೊಗಲು ಉಳಿದಿಲ್ಲ. ಅದಕ್ಕೆ ಅರ್ಧ ಕಾರಣ ವಸ್ತುವಿನ ಗುಣ. ಕಂಚು ಮಣ್ಣಿನಡಿ ಸಾವಿರ ವರ್ಷ ಬಿದ್ದಿದ್ದರೂ ಕಿಲುಬು ಹಿಡಿದೀತು, ರೂಪ ಕೆಡದು. ತೊಗಲು ಕೆಲವು ಮಳೆಗಾಲಕ್ಕೆ ಮಣ್ಣಾಗುತ್ತದೆ. 11ನೇ ಶತಮಾನದ ಚಮ್ಮಾರ ಹೊಲಿದ ಮೆಟ್ಟು ಹೇಗಿತ್ತೆಂದು ತಿಳಿಯಲು ನಮಗೆ ಉಳಿದಿರುವುದು ಭಿಕ್ಷಾಟನನ ಕಾಲಿನ ಕಂಚು ಮತ್ತು ಕಲ್ಲು ಮಾತ್ರ. ಎರಕದ ಶಿಲ್ಪಿ ತನಗೆ ತಿಳಿಯದೆಯೇ ತೊಗಲಿನ ಶಿಲ್ಪಿಯ ಕೆಲಸವನ್ನು ಕಾಪಾಡಿದ. ಇನ್ನರ್ಧ ಕಾರಣ ನಮ್ಮದು. ಮುಟ್ಟಬಾರದೆಂದು ದೂರವಿಟ್ಟ ಕೈಗಳ ವಿದ್ಯೆಯನ್ನು ಯಾರೂ ಬರೆದಿಡಲಿಲ್ಲ. ಮೇಣಕ್ಕೆ ಎಷ್ಟು ಪಟ್ಟು ಲೋಹ ಎಂಬುದಕ್ಕೆ ಅರಸನ ಗ್ರಂಥವಿದೆ. ಒಂದು ತೊಗಲಿಗೆ ಎಷ್ಟು ತಂಗಡಿ ಚೆಕ್ಕೆ ಎಂಬುದು ಅಪ್ಪನಿಂದ ಮಗನಿಗೆ ಬಾಯಿಮಾತಿನಲ್ಲಿ ಬಂದು, ಪ್ಲಾಸ್ಟಿಕ್ ಚಪ್ಪಲಿ ಬಂದ ಮೇಲೆ ಅಲ್ಲಿಗೇ ನಿಂತುಹೋಗುತ್ತಿದೆ.

2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆ ವಾದನಕ್ಕಾಗಿ ಪದ್ಮಶ್ರೀ ಬಂತು. ಹೊಸ್ತಿಲ ಹೊರಗೆ ನಿಲ್ಲುತ್ತಿದ್ದ ತೊಗಲಿನ ವಾದ್ಯಕ್ಕೆ ರಾಷ್ಟ್ರಪತಿ ಭವನದ ಬಾಗಿಲು ತೆರೆಯಿತು. ತೊಗಲಿನ ಉಳಿದ ವಿದ್ಯೆಗಳಿಗೂ ಇಂಥ ಗೌರವ ಸಲ್ಲಬೇಕು. ಅದಕ್ಕೆ ದೊಡ್ಡ ಯೋಜನೆಯೇನೂ ಬೇಕಿಲ್ಲ. ನಮ್ಮ ವಸ್ತುಸಂಗ್ರಹಾಲಯಗಳು ಕಂಚಿನ ಮೂರ್ತಿಯ ಪಕ್ಕದಲ್ಲಿ ಕಪಿಲೆಯ ಬಾನಿ, ಮಿಣಿ, ರಂಪಿಗೆ, ಊರಿನ ಮೆಟ್ಟುಗಳನ್ನೂ ಇಡಲಿ. ಜಿಲ್ಲೆಯ ಕಾಲೇಜುಗಳ ಚರಿತ್ರೆಯ ವಿದ್ಯಾರ್ಥಿಗಳು ಚರ್ಮ ಹದ ಮಾಡುವುದನ್ನು ಬಲ್ಲ ಹಿರಿಯರ ಬಳಿ ಕೂತು, ಅವರ ಹೆಸರಿನ ಸಮೇತ ಆ ಪಾಠವನ್ನು ಬರೆದುಕೊಳ್ಳಲಿ. ತಂಜಾವೂರಿನ ಗೋಡೆಯ ಮೇಲೆ ಕಂಚಿಗೆ ಸಿಕ್ಕಷ್ಟು ಖಚಿತವಾದ ಲೆಕ್ಕ ನಮ್ಮ ಸೀಮೆಯ ತೊಗಲಿಗೂ ಸಿಗಬೇಕು, ಅದನ್ನು ಹೇಳಬಲ್ಲವರು ಬದುಕಿರುವಾಗಲೇ ಸಿಗಬೇಕು.